ಹನ್ನೊಂದು ಬಾಯಿ, ಒಂದೇ ಮಾತು

ಕಾಲೇಜಿನ ವಾರ್ಷಿಕ ಸಂಚಿಕೆಗೆಂದು ತಡಸದ ವಿದ್ಯಾರ್ಥಿಯೊಬ್ಬನು ಸರ್ವಜ್ಞನನ್ನು ಕುರಿತು ಲೇಖನವೊಂದನ್ನು ಬರೆದು ತಂದನು. ಸರ್ವಜ್ಞನು ನಮ್ಮ ಹಾವೇರಿ ಜಿಲ್ಲೆಗೆ ಪರಕೀಯನಲ್ಲ. ಹಿರೇಕೆರೂರು ಕಡೆಯ ಅಬಲೂರು, ಮಾಸೂರುಗಳ ಹೆಸರು ಅವನ ಹೆಸರಿನೊಡನೆ ಬೆಸೆದುಕೊಂಡೇ ಬಂದಿದೆ. ಲೇಖನದಲ್ಲಿದ್ದ ಒಂದು ತ್ರಿಪದಿ ಮಾತ್ರ ನನಗೆ ಅಪರಿಚಿತವಾಗಿತ್ತು. “ಇದು ಎಲ್ಲಿ ಸಿಕ್ಕಿತಪ್ಪಾ?” ಎಂದು ಕೇಳಿದೆ. “ಹನ್ನೊಂದು ಜಾಲತಾಣದಾಗ ಐತ್ರೀ ಸರ್” ಎಂದು ಹುಡುಗನು ಧೈರ್ಯದಿಂದ ಫೋನನ್ನು ಮುಂದೆ ಹಿಡಿದನು.

ಹಿಂದಿನ ವರ್ಷವಾಗಿದ್ದರೆ ನಾನೂ ಒಪ್ಪಿಬಿಡುತ್ತಿದ್ದೆನೆಂದು ನಾಚಿಕೆಯಿಂದಲೇ ಹೇಳಬೇಕಾಗಿದೆ. ಆಗ ಅಚ್ಚುಕಟ್ಟಾಗಿ ಕಂಡ ತಾಣವೊಂದನ್ನು ನಂಬಿ, ಇಂಥದೇ ಪದ್ಯವೊಂದನ್ನು ಸರ್ವಜ್ಞನ ಹೆಸರಿನಲ್ಲಿ ಅಚ್ಚುಹಾಕಿಸಿದ್ದೆ. ನಿವೃತ್ತ ಶಿಕ್ಷಕರೊಬ್ಬರು ಅದರ ಮೂಲ ಯಾವುದೆಂದು ಕೇಳಿ ಪತ್ರ ಬರೆದಾಗ ನನ್ನಲ್ಲಿ ಉತ್ತರವಿರಲಿಲ್ಲ. ಪಾಠ ಹೇಳುವವನಿಗೆ ಇದಕ್ಕಿಂತ ಮುಜುಗರ ಬೇರೆ ಬೇಕೆ?

ನನ್ನ ತಪ್ಪು ಎಲ್ಲಿತ್ತು? ತಾಣವು ತನ್ನ ವಿಷಯದಲ್ಲಿ ತಾನೇ ಹೇಳಿಕೊಂಡುದನ್ನು ನಾನು ಪ್ರಮಾಣವೆಂದು ಭಾವಿಸಿದ್ದೆ. ತ್ರಿಪದಿಯ ಕೊನೆಗೆ ‘ಸರ್ವಜ್ಞ’ ಎಂಬ ಅಂಕಿತವನ್ನು ಯಾರು ಬೇಕಾದರೂ ಅಂಟಿಸಬಹುದಷ್ಟೆ. ಜಾಲತಾಣದ ಲಾಂಛನ, ಧ್ಯೇಯವಾಕ್ಯ, ‘ನಮ್ಮ ಬಗ್ಗೆ’ ಎಂಬ ಪುಟ, ಇವೂ ಅಂಥ ಅಂಕಿತಗಳೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರು ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ತೋರಿಸಿತು. ಅವರು ಪರೀಕ್ಷಿಸಿದುದು ೧೦ ಮಂದಿ ಇತಿಹಾಸಕಾರರನ್ನು, ಸುದ್ದಿಯ ಸತ್ಯಾಸತ್ಯಗಳನ್ನು ಶೋಧಿಸುವ ೧೦ ಮಂದಿ ವೃತ್ತಿನಿರತರನ್ನು ಮತ್ತು ೨೫ ಮಂದಿ ವಿದ್ಯಾರ್ಥಿಗಳನ್ನು. ಪಂಡಿತರೂ ವಿದ್ಯಾರ್ಥಿಗಳೂ ಬಹುಮಟ್ಟಿಗೆ ಆ ಪುಟದಲ್ಲಿಯೇ ಉಳಿದು, ಅದರ ಚೆಲುವಿಗೆ ಹಲವು ಸಲ ಮರುಳಾದರು. ವೃತ್ತಿನಿರತ ಶೋಧಕರಾದರೋ ಬೇಗನೆ ಆ ಪುಟವನ್ನು ಬಿಟ್ಟು, ಇತರರು ಅದರ ವಿಷಯದಲ್ಲಿ ಏನೆನ್ನುತ್ತಾರೆಂದು ಹೊರಗೆ ಹುಡುಕಿದರು. ಅವರ ತೀರ್ಮಾನಗಳೇ ಹೆಚ್ಚು ಸರಿಯಾಗಿದ್ದವು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹೆಣ್ಣು ಕೊಡುವಾಗ ನಾವು ವರನ ಮಾತನ್ನು ಕೇಳಿ ಸುಮ್ಮನಾಗುವುದಿಲ್ಲ. ಅವನ ಊರಿನಲ್ಲಿ ನಾಲ್ಕು ಜನರನ್ನು ವಿಚಾರಿಸುತ್ತೇವೆ. ಆದರೆ ಆ ನಾಲ್ವರೂ ವರನ ಮನೆಯಲ್ಲಿಯೇ ಉಣ್ಣುವವರಾದರೆ? ನನ್ನ ವಿದ್ಯಾರ್ಥಿಯ ಹನ್ನೊಂದು ಸಾಕ್ಷಿಗಳ ಗತಿಯೂ ಇದೇ ಆಯಿತು. ಒಂದೊಂದಾಗಿ ಓದುತ್ತ ಹೋದಂತೆ, ಹನ್ನೊಂದರಲ್ಲಿಯೂ ಮೂರನೆಯ ಸಾಲಿನ ಅದೇ ಸ್ಥಳದಲ್ಲಿ ಒಂದು ಪದ ಬಿಟ್ಟುಹೋಗಿ ಛಂದಸ್ಸು ಕುಂಟುತ್ತಿತ್ತು. ಒಂದೇ ತಪ್ಪನ್ನು ಒಂದೇ ಕಡೆ ಮಾಡಿರುವ ಪ್ರತಿಗಳು ಒಂದೇ ಮೂಲದಿಂದ ಇಳಿದವೆಂದು ಊಹಿಸಬೇಕು. ಇದು ಗ್ರಂಥಸಂಪಾದನೆಯ ಮೊದಲ ಪಾಠಗಳಲ್ಲೊಂದು. ನಾವು ಎಣಿಸಿದುದು ಹನ್ನೊಂದು ಬಾಯಿಗಳನ್ನು. ಮಾತು ಮಾತ್ರ ಒಬ್ಬನದೇ.

ಹಾಗಾದರೆ ಯಾರ ಮನ್ನಣೆಗೆ ಬೆಲೆ? ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು ನೆನೆಯಬೇಕು. ಕ್ರೈಸ್ತ ಪಾದ್ರಿಯಾಗಿದ್ದ ಅವರು ಚದರಿಹೋಗಿದ್ದ ಸರ್ವಜ್ಞನ ವಚನಗಳನ್ನು ಶ್ರಮದಿಂದ ಕಲೆಹಾಕಿ ೧೯೨೪ರಲ್ಲಿ ಪ್ರಕಟಿಸಿದರು. ೧೯೪೯ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಅವರ ಗ್ರಂಥವನ್ನು ವಿದ್ವಾಂಸರು ಮನ್ನಿಸಿದುದು ಕಣ್ಣುಮುಚ್ಚಿ ನಕಲು ಮಾಡಿಯಲ್ಲ. ಓದಿ, ಒರೆಗೆ ಹಚ್ಚಿ, ಭಿನ್ನಾಭಿಪ್ರಾಯವಿದ್ದಲ್ಲಿ ಅದನ್ನೂ ಹೇಳಿ. ಬಲ್ಲವರು ಸ್ವತಂತ್ರವಾಗಿ ಪರೀಕ್ಷಿಸಿ ಕೊಟ್ಟ ಮನ್ನಣೆಯೇ ಮನ್ನಣೆ. ಉಳಿದುದು ಬರಿಯ ಗದ್ದಲ.

ಇಷ್ಟಾದರೂ ಒಂದು ಎಚ್ಚರಿಕೆ ಬೇಕು. ಹೆಸರಿಲ್ಲದ ತಾಣವೆಲ್ಲ ಸುಳ್ಳಲ್ಲ. ಹಳ್ಳಿಯ ಉಪಾಧ್ಯಾಯನೊಬ್ಬನು ಹಸ್ತಪ್ರತಿಯ ಚಿತ್ರವನ್ನೂ ಮೂಲವನ್ನೂ ಮುಂದಿಟ್ಟು ಬರೆದಿದ್ದರೆ, ಅವನನ್ನು ಯಾರೂ ಹೊಗಳಲಿಲ್ಲವೆಂದು ತಳ್ಳಿಹಾಕುವುದು ಅನ್ಯಾಯ. ಹಾಗೆಯೇ ಒಂದು ವಿಷಯದಲ್ಲಿ ಗಳಿಸಿದ ಹೆಸರು ಇನ್ನೊಂದಕ್ಕೆ ಸಾಲದು. ಕ್ರಿಕೆಟ್ಟಿನ ಅಂಕಿಗಳಿಗೆ ನಂಬಬಹುದಾದ ತಾಣ ಸರ್ವಜ್ಞನಿಗೆ ನಂಬಬಹುದಾದುದೇನಲ್ಲ. ಕೀರ್ತಿಯು ನಮ್ಮನ್ನು ಬಾಗಿಲವರೆಗೆ ಕರೆತರಬಲ್ಲದು. ಒಳಹೊಕ್ಕು ನೋಡುವ ಕೆಲಸ ನಮ್ಮದೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹುಡುಗನು ಎರಡು ದಿನ ಗ್ರಂಥಾಲಯದಲ್ಲಿ ಕುಳಿತನು. ಆ ತ್ರಿಪದಿಯನ್ನು ತೆಗೆದು, ಬೇರೊಂದನ್ನು ಪುಟಸಂಖ್ಯೆಯೊಡನೆ ಬರೆದುಕೊಂಡು ಬಂದನು. “ಇದು ಒಂದ ಪುಸ್ತಕದಾಗ ಸಿಕ್ಕಿತ್ರೀ ಸರ್” ಎಂದನು, ಸ್ವಲ್ಪ ಅಳುಕುತ್ತಲೇ. ಆ ಒಂದು ನನಗೆ ಸಾಕಾಯಿತು.