ಕಂದಾಯ ಕಟ್ಟಿದವರ ಕ್ಷೇತ್ರ

1920ರ ನವೆಂಬರಿನಲ್ಲಿ ಮದ್ರಾಸ್ ಶಾಸನ ಪರಿಷತ್ತಿಗೆ ಚುನಾವಣೆ ನಡೆದಾಗ, ಕುಂದಾಪುರದಿಂದ ಕಾಸರಗೋಡಿನವರೆಗೆ ಹರಡಿದ್ದ ದಕ್ಷಿಣ ಕನ್ನಡ ಜಿಲ್ಲೆ ‘ಮುಸ್ಲಿಮೇತರ ಗ್ರಾಮೀಣ’ ಕ್ಷೇತ್ರಗಳಲ್ಲೊಂದಾಗಿತ್ತು. ಇಂಥ ಕ್ಷೇತ್ರಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಗೆದ್ದವರ ಹೆಸರುಗಳಲ್ಲಿ ಬರೆದು ಮುಗಿಸುತ್ತೇವೆ. ಆದರೆ ಕ್ಷೇತ್ರವೊಂದರ ಗುಣ ತಿಳಿಯಬೇಕಾದರೆ ಮತದಾರರ ಪಟ್ಟಿಗೆ ಯಾರು ಸೇರಿದರು, ಯಾರು ಹೊರಗುಳಿದರು ಎಂದು ಕೇಳಬೇಕು. ಹಾಗೆ ಕೇಳಿದಾಗ ಕಾಣುವುದು ಇದು: ಗ್ರಾಮೀಣ ಎಂದು ಕರೆಸಿಕೊಂಡ ಈ ಕ್ಷೇತ್ರ ಹಳ್ಳಿಯ ಜಮೀನನ್ನು ಲೆಕ್ಕಕ್ಕೆ ಹಿಡಿಯಿತು, ಹಳ್ಳಿಯ ಜನರನ್ನು ಬಿಟ್ಟಿತು.

1919ರ ಭಾರತ ಸರ್ಕಾರ ಕಾಯ್ದೆಯಡಿ ಮದ್ರಾಸ್ ಪ್ರಾಂತ್ಯದ 61 ಕ್ಷೇತ್ರಗಳಿಂದ 98 ಸದಸ್ಯರು ಆಯ್ಕೆಯಾಗುತ್ತಿದ್ದರು. ನಾಲ್ಕು ಕೋಟಿ ಮೀರಿದ ಜನಸಂಖ್ಯೆಯಲ್ಲಿ ಮತದ ಹಕ್ಕಿದ್ದವರು ಸುಮಾರು 12.5 ಲಕ್ಷ, ಅಂದರೆ ನೂರಕ್ಕೆ ಮೂವರು. ಅವರಲ್ಲೂ ಮೊದಲ ಚುನಾವಣೆಯಲ್ಲಿ ಮತ ಹಾಕಿದವರು ಕಾಲು ಭಾಗ ಮಾತ್ರ. ಹಳ್ಳಿಯಲ್ಲಿ ಮತ ಬೇಕೆಂದರೆ ಮುಖ್ಯವಾಗಿ ಜಮೀನಿನ ಪಟ್ಟಾ ಬೇಕಿತ್ತು. ಕರಾವಳಿಯ ಭೂವ್ಯವಸ್ಥೆಯಲ್ಲಿ ಈ ನಿಯಮದ ಹೊಡೆತ ಬಿದ್ದದ್ದು ಯಾರ ಮೇಲೆ ಎಂಬುದು ಸ್ಪಷ್ಟ. ಸರ್ಕಾರಕ್ಕೆ ತೀರ್ವೆ, ಅಂದರೆ ಭೂಕಂದಾಯ, ಕಟ್ಟುವವನು ವರ್ಗದಾರ. ಗೊತ್ತಾದ ಗೇಣಿಗೆ ವಂಶಪಾರಂಪರ್ಯವಾಗಿ ಭೂಮಿ ಪಡೆದವನು ಮೂಲಗೇಣಿದಾರ. ಧಣಿ ಎಬ್ಬಿಸಿದರೆ ಎದ್ದು ಹೋಗಬೇಕಾದವನು ಚಾಲಗೇಣಿ ಒಕ್ಕಲು. ಗದ್ದೆ ಉತ್ತು, ಗೇಣಿ ಅಕ್ಕಿ ಅಳೆದು, ವರ್ಗದಾರ ತೀರ್ವೆ ಕಟ್ಟಲು ಆಧಾರವಾದ ಆ ಒಕ್ಕಲಿನ ಹೆಸರಿನಲ್ಲಿ ಪಟ್ಟಾ ಇರಲಿಲ್ಲ. ಗೇಣಿಯೂ ಇಲ್ಲದೆ ಬರಿಯ ಕೂಲಿಗೆ ದುಡಿದ ದಲಿತರ ಮಾತಂತೂ ದೂರ. ಅವರ ಪ್ರತಿನಿಧಿಗಳನ್ನು ಪರಿಷತ್ತಿಗೆ ನಾಮಕರಣ ಮಾಡುವ ಅಧಿಕಾರವನ್ನು ಸರ್ಕಾರವೇ ಇಟ್ಟುಕೊಂಡಿತ್ತು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಅಳತೆಗೋಲಿನ ಅನ್ಯಾಯ ಇನ್ನೂ ಎದ್ದು ಕಾಣುತ್ತದೆ. ತುಳುನಾಡಿನ ಬಂಟ, ಬಿಲ್ಲವ ಮೊದಲಾದ ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿಯಿತ್ತು. ಆಸ್ತಿ ಇಳಿದು ಬರುತ್ತಿದ್ದದ್ದು ಹೆಣ್ಣಿನ ಸಂತತಿಯಲ್ಲಿ. ಆಸ್ತಿಯೇ ಮತಕ್ಕೆ ಆಧಾರ ಎಂದವರು, ಆಸ್ತಿ ಹೆಣ್ಣಿನ ಮೂಲಕ ಸಾಗುವ ನಾಡಿನಲ್ಲೂ 1920ರಲ್ಲಿ ಹೆಣ್ಣನ್ನು ಮತಗಟ್ಟೆಯ ಹೊರಗೆ ನಿಲ್ಲಿಸಿದರು. ತಾವೇ ಒಪ್ಪಿದ ತರ್ಕಕ್ಕೂ ಅವರು ನಿಷ್ಠರಾಗಿರಲಿಲ್ಲ.

ಈ ತಪ್ಪನ್ನು ತಿದ್ದಲು ಮುಂದಾದದ್ದು ಅದೇ ಪರಿಷತ್ತು ಎಂಬುದನ್ನು ಮರೆಯಬಾರದು. 1921ರಲ್ಲಿ ಮದ್ರಾಸ್ ಪರಿಷತ್ತು ಮಹಿಳೆಯರಿಗೆ ಮತದ ಹಕ್ಕು ಕೊಡುವ ನಿರ್ಣಯ ಅಂಗೀಕರಿಸಿತು. ದೇಶದ ಪ್ರಾಂತ್ಯಗಳಲ್ಲಿ ಇದೇ ಮೊದಲು. ಚುನಾವಣೆಗೆ ನಿಲ್ಲುವ ಅವಕಾಶ ಮಾತ್ರ 1926ರವರೆಗೆ ಸಿಗಲಿಲ್ಲ. ಸಿಕ್ಕ ವರ್ಷವೇ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ತಮ್ಮ ಜಿಲ್ಲೆಯಿಂದ ಕಣಕ್ಕಿಳಿದರು. ಶಾಸನಸಭೆಗೆ ಸ್ಪರ್ಧಿಸಿದ ಭಾರತದ ಮೊದಲ ಮಹಿಳೆಯರಲ್ಲಿ ಅವರೊಬ್ಬರು. ಪ್ರಚಾರಕ್ಕೆ ಸಿಕ್ಕ ಸಮಯ ಬಹಳ ಕಡಿಮೆ. ಆದರೂ ಸೋತದ್ದು ಅತ್ಯಲ್ಪ ಮತಗಳ ಅಂತರದಲ್ಲಿ. ಬಹುಪಾಲು ಉಳ್ಳ ಗಂಡಸರೇ ತುಂಬಿದ್ದ ಪಟ್ಟಿಯಿಂದ ಇಪ್ಪತ್ತಮೂರರ ಯುವತಿಯೊಬ್ಬರು ಇಷ್ಟು ಮತ ಪಡೆದದ್ದು ಈ ಕ್ಷೇತ್ರದ ಚರಿತ್ರೆಯಲ್ಲೇ ದೊಡ್ಡ ಘಟನೆ ಎಂದು ನಾನು ತಿಳಿಯುತ್ತೇನೆ. ಜನ ನಿಯಮಗಳಿಗಿಂತ ಮುಂದಿದ್ದರು ಎನ್ನುವುದಕ್ಕೆ ಆ ಸೋಲೇ ಸಾಕ್ಷಿ.

ಇನ್ನು ಗೆದ್ದು ಹೋದವರ ಕೈಯಲ್ಲಿ ಏನಿತ್ತು? ದ್ವಿಪ್ರಭುತ್ವದ ಏರ್ಪಾಟಿನಲ್ಲಿ ಶಿಕ್ಷಣ, ಆರೋಗ್ಯ, ಸ್ಥಳೀಯ ಸಂಸ್ಥೆ, ಕೃಷಿ, ಅಬಕಾರಿಗಳು ಚುನಾಯಿತ ಸಚಿವರಿಗೆ ಬಂದವು. ಪೊಲೀಸ್ ಮತ್ತು ಭೂಕಂದಾಯ ಗವರ್ನರರ ಕಾರ್ಯಾಂಗದಲ್ಲೇ ಉಳಿದವು. ಕಂದಾಯ ಕಟ್ಟಿದ ಕಾರಣಕ್ಕೆ ಮತ ಪಡೆದವರು ಕಳಿಸಿದ ಪ್ರತಿನಿಧಿಗೆ ಕಂದಾಯದ ಮೇಲೆಯೇ ಹಿಡಿತವಿರಲಿಲ್ಲ. ಈ ಕ್ಷೇತ್ರದ ಮೂಲದೋಷ ಇದೇ. ಜೊತೆಗೆ ಒಂದೇ ಊರಿನ ನೆರೆಹೊರೆಯವರಾದ ಬ್ಯಾರಿ ಮುಸ್ಲಿಮರು, ಕ್ರೈಸ್ತರು ಬೇರೆ ಬೇರೆ ಪಟ್ಟಿಗಳಲ್ಲಿದ್ದರು. ನೀರು, ದಾರಿ, ಶಾಲೆ ಎಲ್ಲರಿಗೂ ಒಂದೇ ಆಗಿದ್ದರೂ, ಅವುಗಳಿಗಾಗಿ ಒಬ್ಬನೇ ಪ್ರತಿನಿಧಿಯನ್ನು ಎಲ್ಲರೂ ಸೇರಿ ಪ್ರಶ್ನಿಸುವ ದಾರಿ ಇರಲಿಲ್ಲ.

ಹಾಗೆಂದು ಆ ಕಾಲವನ್ನು ಪೂರ್ತಿ ತಳ್ಳಿಹಾಕಲಾಗದು. ಮದ್ರಾಸಿನಲ್ಲಿ ಬ್ರಾಹ್ಮಣೇತರರಿಗೆ ಮೀಸಲಾಗಿದ್ದ 28 ಸ್ಥಾನಗಳು ಪ್ರಾತಿನಿಧ್ಯದ ಪ್ರಶ್ನೆಯನ್ನು ಎಲ್ಲರ ಮುಂದಿಟ್ಟವು. ಅಭ್ಯರ್ಥಿ ಹಳ್ಳಿಗೆ ಬಂದು ಕೈಮುಗಿಯುವುದು, ಜನ ಅವನನ್ನು ತೂಗಿ ನೋಡುವುದು ಆಗಲೇ ರೂಢಿಗೆ ಬಂತು. ಆದರೆ ಆ ರೂಢಿಯ ಫಲ ಉಳುವವನಿಗೆ ತಲುಪಲು ಬಹುಕಾಲ ಹಿಡಿಯಿತು. 1952ರ ಮೊದಲ ಮಹಾಚುನಾವಣೆಯಲ್ಲಿ ಚಾಲಗೇಣಿ ಒಕ್ಕಲೂ ಅವನ ಹೆಂಡತಿಯೂ ಧಣಿಯೊಂದಿಗೆ ಒಂದೇ ಸಾಲಿನಲ್ಲಿ ನಿಂತು ಮತ ಹಾಕಿದರು. 1974ರ ಕರ್ನಾಟಕ ಭೂಸುಧಾರಣೆ ತಿದ್ದುಪಡಿ ಅವರನ್ನು ಭೂಮಿಯ ಒಡೆಯರನ್ನಾಗಿಸಿತು. ಭೂಮಿ ಇದ್ದರೆ ಮತ ಎಂದಿತ್ತು ವಸಾಹತು ಕಾಲದ ಕ್ಷೇತ್ರ. ಮತ ಇದ್ದದ್ದರಿಂದಲೇ ಭೂಮಿ ಬಂತು ಎನ್ನುತ್ತದೆ ನಂತರದ ಚರಿತ್ರೆ. ಹಳೆಯ ಕ್ಷೇತ್ರವನ್ನು ತೂಗಿ ನೋಡಲು ಇದಕ್ಕಿಂತ ಸರಿಯಾದ ತಕ್ಕಡಿ ನನಗೆ ಕಾಣುವುದಿಲ್ಲ.