ಕೂಗುಗಾರನ ಆರು ಸಾಲು

ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮೇನ್ ರಾಜ್ಯಗಳ ಹಳ್ಳಿಗಳಲ್ಲಿ ಕಾಂಟ್ರಾ ಎಂಬ ಕುಣಿತ ಇಂದಿಗೂ ಜೀವಂತ. ಊರಿನ ಸಭಾಭವನದ ಮರದ ನೆಲ, ವೇದಿಕೆಯಲ್ಲಿ ಪಿಟೀಲು, ಪಿಯಾನೊ, ಪಕ್ಕದಲ್ಲಿ ಹೆಜ್ಜೆ ಕೂಗಿ ಹೇಳುವವ. ಅವನ ಮಾತು ಬಲು ಚುಟುಕು. ಹೊರಗಿನವರಿಗೆ ಬರೀ ಅಪ್ಪಣೆ ಅನ್ನಿಸುತ್ತದೆ. ಅಲ್ಲಿ ನಿತ್ಯ ಬಳಕೆಯಲ್ಲಿರುವ ಕೂಗುಗಳನ್ನೇ ಪೋಣಿಸಿ ಒಂದು ಸುತ್ತು ಕಟ್ಟಿಕೊಂಡು, ಸಾಲು ಸಾಲಾಗಿ ಬಿಡಿಸುತ್ತೇನೆ.

ಮೇಲಿನಿಂದ ನಾಲ್ಕು ನಾಲ್ಕು ಕೈ.

ಮೇಲು ಅಂದರೆ ವಾದ್ಯದವರು ಕೂತ ತುದಿ. ಎರಡು ಉದ್ದ ಸಾಲು ಎದುರುಬದುರು ನಿಂತಿವೆ. ಮೇಲಿನಿಂದ ಎರಡೆರಡು ಜೋಡಿ ಕೈ ಹಿಡಿದು ನಾಲ್ವರ ಗುಂಪಾಗುತ್ತಾ ಬರುತ್ತವೆ. ವಾದ್ಯಕ್ಕೆ ಹತ್ತಿರದ್ದು ಒಂದನೇ ಜೋಡಿ, ಇನ್ನೊಂದು ಎರಡನೆಯದು. ಈ ಉದ್ದಸಾಲಿನ ಕುಣಿತ ಇಂಗ್ಲೆಂಡಿನಿಂದ ಬಂದದ್ದು. ಜಾನ್ ಪ್ಲೇಫರ್ಡ್ 1651ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲೇ ಇದೆ. ಅಲ್ಲಿನ ದೊಡ್ಡವರ ನೃತ್ಯಕೂಟಗಳಲ್ಲಿ ಮೇಲಿನ ಜಾಗವೆಂದರೆ ಅಂತಸ್ತಿನ ಜಾಗ. ಆ ಅಂತಸ್ತಿಗೆ ಏನಾಯಿತು ಎಂಬುದು ಆರನೇ ಸಾಲಿನಲ್ಲಿದೆ.

ಪಕ್ಕದವರೊಡನೆ ತೂಗಿ, ಗಿರಗಿರ ತಿರುಗಿ.

ಪಕ್ಕದವರು ಎಂದರೆ ಜೊತೆಗೆ ಬಂದವರಲ್ಲ, ಇನ್ನೊಂದು ಜೋಡಿಯವರು. ಹಾಗಾಗಿ ಕುಣಿತ ಶುರುವಾಗುವುದೇ ಪರಿಚಯವಿಲ್ಲದಿರಬಹುದಾದ ಕೈ ಹಿಡಿದು. ಇಬ್ಬರೂ ಬಲಪಾದಗಳನ್ನು ಹತ್ತಿರ ಇಟ್ಟು, ಎಡಗಾಲಿನಿಂದ ನೆಲವನ್ನು ಒದ್ದು ಒದ್ದು ಸುತ್ತಬೇಕು. ತಲೆ ತಿರುಗದಿರಲು ಎದುರಿನವರ ಮುಖವನ್ನೇ ನೋಡಬೇಕು. ಗೋಡೆ ನೋಡಿದಿರೋ, ಕೆಟ್ಟಿರಿ.

ಇದಕ್ಕೆ ಸಿಗುವುದು ಹದಿನಾರು ಹೆಜ್ಜೆ. ಪಿಟೀಲಿನ ಮಟ್ಟಿಗೆ ಎರಡು ಭಾಗ, ಪ್ರತಿಯೊಂದನ್ನೂ ಎರಡೆರಡು ಸಲ ನುಡಿಸುತ್ತಾರೆ. ಹದಿನಾರರಂತೆ ನಾಲ್ಕು ಪಾಲು, ಒಟ್ಟು 64 ಹೆಜ್ಜೆಗೆ ಒಂದು ಸುತ್ತು. ಕೂಗುಗಾರನ ಕಸುಬೆಲ್ಲ ಇರುವುದು ಇಲ್ಲಿ. ಹೆಜ್ಜೆ ಬೀಳುವ ಹೊತ್ತಿಗೆ ಹೇಳಿದರೆ ತಡವಾಯಿತು. ಹಿಂದಿನ ಪಾಲಿನ ಕೊನೆಯ ನಾಲ್ಕು ಹೆಜ್ಜೆಯೊಳಗೆ ಮಾತು ಮುಗಿದಿರಬೇಕು. ಅದಕ್ಕೇ ಈ ಚುಟುಕುತನ. ನ್ಯೂ ಹ್ಯಾಂಪ್‌ಶೈರಿನ ರಾಲ್ಫ್ ಪೇಜ್ (1903–1985) ಈ ಕಸುಬಿನ ದೊಡ್ಡ ಹೆಸರು. 1949ರಿಂದ 'ನಾರ್ದರ್ನ್ ಜಂಕೆಟ್' ಎಂಬ ಪತ್ರಿಕೆಯನ್ನೂ ನಡೆಸಿದವರು.

ಉದ್ದ ಸಾಲು ಮುಂದಕ್ಕೆ, ಹಿಂದಕ್ಕೆ.

ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹಿಂದೆ. ಸುತ್ತಿ ದಣಿದವರಿಗೆ ಉಸಿರು ಬಿಡಲು ಇಷ್ಟು ಸಾಕು.

ಹೆಂಗಸರು ಆಚೆಗೆ.

ಇಬ್ಬರು ಹೆಂಗಸರು ನಡುವೆ ಬಲಗೈ ಹಿಡಿದು ದಾಟುತ್ತಾರೆ. ಆಚೆ ನಿಂತ ಗಂಡಸು ಎಡಗೈ ಹಿಡಿದು ಸುತ್ತಿಸಿ ನಿಲ್ಲಿಸಿಕೊಳ್ಳುತ್ತಾನೆ. ಈಚಿನ ವರ್ಷಗಳಲ್ಲಿ ಅನೇಕ ಕಡೆ ಹೆಂಗಸು, ಗಂಡಸು ಎಂದು ಕೂಗುವುದಿಲ್ಲ. ರಾಬಿನ್, ಲಾರ್ಕ್ ಎಂದು ಹಕ್ಕಿಗಳ ಹೆಸರು ಹಿಡಿದಿದ್ದಾರೆ. ಯಾರು ಯಾವ ಕಡೆ ಬೇಕಾದರೂ ನಿಲ್ಲಬಹುದು. ಗೊಣಗುವ ಹಳಬರು ಇದ್ದಾರೆ. ನನಗಂತೂ ಸರಿಯೆನಿಸಿದೆ: ಕುಣಿತಕ್ಕೆ ಬೇಕಾದ್ದು ಎರಡು ಜಾಗ ಅಷ್ಟೆ.

ಜೋಡಿಯೊಡನೆ ತೂಗಿ, ತಿರುಗಿ.

ಹಿಂದೆ ಹೇಳಿದ್ದೇ. ಜೊತೆಗೆ ಬಂದವರೊಡನೆ ಮನಸಾರೆ ಸುತ್ತಲು ಸಿಗುವುದು 64ರಲ್ಲಿ ಈ ಹದಿನಾರೇ ಹೆಜ್ಜೆ ಎಂಬುದನ್ನು ಮಾತ್ರ ಗಮನಿಸಿ.

ವೃತ್ತ ಮುಕ್ಕಾಲು, ದಾಟಿ ಮುಂದಿನವರಿಗೆ.

ಮುಕ್ಕಾಲೇ ಏಕೆ? ನಾಲ್ವರು ಕೈ ಹಿಡಿದು ಪೂರ್ತಿ ಸುತ್ತಿದರೆ ಹೊರಟಲ್ಲಿಗೇ ಬರುತ್ತಾರೆ. ಮುಕ್ಕಾಲಿಗೆ ನಿಂತರೆ ಒಂದನೇ ಜೋಡಿಯ ಮುಖ ಕೆಳತುದಿಗೆ, ಎರಡನೆಯದರ ಮುಖ ಮೇಲುತುದಿಗೆ. ಅಲ್ಲಿಂದ ಜಡೆ ಕೋಲಾಟದವರು ಎದುರಾದವರನ್ನು ದಾಟಿ ಸಾಗುವ ಹಾಗೆ ದಾಟಿದರೆ ಹೊಸ ಪಕ್ಕದವರು ಎದುರಿಗೆ. ಸುತ್ತು ಸುತ್ತಿಗೂ ಇದೇ. ತುದಿ ಮುಟ್ಟಿದ ಜೋಡಿ ಒಂದು ಸುತ್ತು ಸುಮ್ಮನೆ ನಿಂತು, ಬದಿ ಬದಲಿಸಿ, ಒಂದು ಇದ್ದದ್ದು ಎರಡಾಗಿ ವಾಪಸು ಹೊರಡುತ್ತದೆ. ಮೇಲಿನ ಜಾಗದ ಹಿರಿಮೆ ಯಾರಲ್ಲೂ ಒಂದೆರಡು ನಿಮಿಷಕ್ಕಿಂತ ನಿಲ್ಲುವುದಿಲ್ಲ. ಊರಿನ ವೈದ್ಯ, ಹಾಲಿನವ, ಶಾಲೆಯ ಹುಡುಗಿ ಎಲ್ಲರೂ ಎಲ್ಲರ ಕೈಗೂ ಸಿಗುತ್ತಾರೆ.

ಇನ್ನು ಸಾಲಿಲ್ಲ. ಮೂರ್ನಾಲ್ಕು ಸುತ್ತಾದ ಮೇಲೆ ಒಳ್ಳೆಯ ಕೂಗುಗಾರ ಬಾಯಿ ಮುಚ್ಚುತ್ತಾನೆ, ಹೆಜ್ಜೆ ಹೇಳುವ ಕೆಲಸ ಪಿಟೀಲಿಗೆ ಬೀಳುತ್ತದೆ. ನಮ್ಮ ಕಛೇರಿಯ ಪಿಟೀಲುಗಾರ ನೆಲದಲ್ಲಿ ಕೂತು ವಾದ್ಯದ ತುದಿಯನ್ನು ಪಾದಕ್ಕೆ ಆನಿಸಿದರೆ, ಇವರ ಪಾದ ಕುರ್ಚಿಯ ಮುಂದೆ ನೆಲಕ್ಕೆ ಬಡಿಯುತ್ತಿರುತ್ತದೆ. ಅಲಂಕಾರ ಎಷ್ಟಾದರೂ ಇರಲಿ, ಪ್ರತಿ ಪಾಲಿನ ಮೊದಲ ಪೆಟ್ಟು ಮಾತ್ರ ಕಿವಿಗೆ ಸ್ಪಷ್ಟವಾಗಿ ಬೀಳಬೇಕು. ಹಿಂದೆ ತೋಟದ ಮನೆಗಳ ಅಡುಗೆಮನೆಯಲ್ಲಿ ಸಾಮಾನು ಹೊರಗಿಟ್ಟು ಕುಣಿಯುತ್ತಿದ್ದಾಗ ಇಂಥವರು ಜಾಗ ಸಾಲದೆ ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ಕೂತು ನುಡಿಸುತ್ತಿದ್ದರಂತೆ. ಮೇನ್‌ನ ನಾರ್ವೇ ಎಂಬ ಊರಿನ ಮೆಲಿ ಡನ್‌ಹ್ಯಾಮ್ ಹಿಮದಲ್ಲಿ ನಡೆಯುವ ಪಾದರಕ್ಷೆ ಹೆಣೆದು ಬದುಕುತ್ತಿದ್ದ ಪಿಟೀಲುಗಾರ. ಕಾರು ತಯಾರಕ ಹೆನ್ರಿ ಫೋರ್ಡ್ 1925ರ ಡಿಸೆಂಬರಿನಲ್ಲಿ ಅವರನ್ನು ಕರೆಸಿಕೊಂಡಾಗ ಪತ್ರಿಕೆಗಳೆಲ್ಲ ಸುದ್ದಿಮಾಡಿದವು. ಫೋರ್ಡ್‌ಗೆ ಜಾಜ್ ಕಂಡರಾಗದು; ಹಳೆಯ ಕುಣಿತ ಅವನಿಗೆ ಜಾಜ್ ವಿರುದ್ಧದ ಕೋಲಾಗಿತ್ತು. ಹಳ್ಳಿಗಳಿಗೆ ಆ ಕೋಲು ಬೇಕಿರಲಿಲ್ಲ, ಅವು ಅದಕ್ಕೂ ಮೊದಲೇ ಕುಣಿಯುತ್ತಿದ್ದವು.

ಕೊನೆಗೆ ಕೂಗುಗಾರ ವೇದಿಕೆಯತ್ತ ತಿರುಗಿ ಎರಡು ಬೆರಳು ತೋರಿಸುತ್ತಾನೆ: ಇನ್ನೆರಡು ಸುತ್ತು. ಅದು ಕುಣಿಯುವವರಿಗಲ್ಲ, ವಾದ್ಯದವರಿಗೆ.