ಹತ್ತಿ ಇಳಿಯುವವರ ಪಾಸು

ಬೆಂಗಳೂರು ನೋಡಲು ಬರುವ ನೆಂಟರು ಮೊದಲು ವಿಚಾರಿಸುವುದೇ ಮೆಟ್ರೊ ಪಾಸನ್ನು. ಎಷ್ಟು ಸಲ ಬೇಕಾದರೂ ಓಡಾಡಬಹುದಾದ ಒಂದು, ಮೂರು, ಐದು ದಿನಗಳ ಪಾಸುಗಳಿವೆ. 2025ರ ಫೆಬ್ರುವರಿಯಲ್ಲಿ ದರ ಏರಿದಾಗ ಒಂದು ದಿನದ್ದು 300 ರೂಪಾಯಿ ಆಯಿತು. ಹಳೇ ಬೆಂಗಳೂರು ಸುತ್ತುವವರು ಅದನ್ನು ಕೊಳ್ಳಬಾರದು ಎಂದೇ ನಾನು ಹೇಳುತ್ತೇನೆ.

ಲೆಕ್ಕ ಹಾಕಿ ನೋಡಿ. ಮೆಟ್ರೊದಲ್ಲಿ ದೂರಕ್ಕೆ ತಕ್ಕ ದುಡ್ಡು. ಆ ಪರಿಷ್ಕರಣೆಯಲ್ಲಿ ಕನಿಷ್ಠ 10, ಗರಿಷ್ಠ 90 ರೂಪಾಯಿ. ನೋಡಬೇಕಾದ ಜಾಗಗಳೋ ಒಂದಕ್ಕೊಂದು ತಾಗಿಕೊಂಡಿವೆ. ಟಿಪ್ಪು ಅರಮನೆಗೆ ಕೆ.ಆರ್. ಮಾರುಕಟ್ಟೆ ನಿಲ್ದಾಣ. ಮುಂದಿನದು ನ್ಯಾಷನಲ್ ಕಾಲೇಜು, ಅಲ್ಲಿಳಿದರೆ ಗಾಂಧಿ ಬಜಾರು, ದೊಡ್ಡ ಬಸವಣ್ಣನ ಗುಡಿ. ಅದರಾಚೆಯದೇ ಲಾಲ್‌ಬಾಗ್. ಇಂಥ ಗೇಣುದ್ದದ ಪ್ರಯಾಣಗಳಿಂದ ಮುನ್ನೂರು ರೂಪಾಯಿ ಹುಟ್ಟಿಸುವುದು ಆಗದ ಮಾತು. ವೈಟ್‌ಫೀಲ್ಡಿನ ಕಡೆ ಉಳಿದುಕೊಂಡವರು ಬೆಳಿಗ್ಗೆ ಬರಲು, ಸಂಜೆ ಹೋಗಲು ಮೆಟ್ರೊ ಹತ್ತಲಿ, ಬಿಡಿ ಟಿಕೆಟ್ಟೇ ಸಾಕು.

ಊರೊಳಗೆ ಓಡಾಡಲು ಮಾತ್ರ ಬಿಎಂಟಿಸಿ ನಗರ ಬಸ್ಸಿನ ದಿನದ ಪಾಸು ಕೊಳ್ಳಿ. 2025ರ ಜನವರಿಯಲ್ಲಿ ಇದು 70ರಿಂದ 80 ರೂಪಾಯಿಗೆ ಏರಿತು, ಆದರೂ ಅಗ್ಗವೇ. ಉಳಿತಾಯಕ್ಕಿಂತ ನನಗೆ ಮುಖ್ಯವೆನಿಸುವುದು ಚಿಲ್ಲರೆಯ ಕಾಟ ತಪ್ಪುವುದು. ನೂರರ ನೋಟು ಕೊಟ್ಟರೆ ಕಂಡಕ್ಟರು ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾರೆ. ಆಮೇಲೆ ನಮ್ಮ ಕಣ್ಣು ಕಿಟಕಿಯ ಹೊರಗಿನ ಊರಿನ ಮೇಲಿರುವುದಿಲ್ಲ, ಆ ಚೀಟಿಯ ಮೇಲಿರುತ್ತದೆ. ಪಾಸಿದ್ದವರಿಗೆ ಆ ಗೊಡವೆಯಿಲ್ಲ. ಹೂವಿನ ರಾಶಿ ಕಂಡಲ್ಲಿ ಇಳಿಯಬಹುದು, ಎರಡೇ ಸ್ಟಾಪಿಗೆ ಮತ್ತೊಂದು ಬಸ್ಸು ಹತ್ತಬಹುದು. ಊರು ನೋಡುವುದೆಂದರೆ ನನ್ನ ಮಟ್ಟಿಗೆ ಇದೇ. ಪಾಸು ಆ ದಿನಕ್ಕೆ ಸೀಮಿತ, ಕೊಂಡ ಹೊತ್ತಿನಿಂದ 24 ಗಂಟೆಯ ಲೆಕ್ಕ ಇಲ್ಲಿಲ್ಲ. ಹಾಗಾಗಿ ಬೆಳಗಿನ ಮೊದಲ ಬಸ್ಸಿನಲ್ಲೇ ಕೇಳಿ ಪಡೆಯಿರಿ, ಗುರುತಿನ ಚೀಟಿ ಜೇಬಿನಲ್ಲಿರಲಿ.

ಕರ್ನಾಟಕದ ವಿಳಾಸವಿರುವ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಯಾವ ಪಾಸೂ ಬೇಡ. 2023ರ ಜೂನ್ 11ರಂದು ಶುರುವಾದ, ಉಚಿತ ಪ್ರಯಾಣದ ಶಕ್ತಿ ಯೋಜನೆಯಿಂದಾಗಿ ಆಧಾರ್ ತೋರಿಸಿದರೆ ಸಾಕು. ಆದರೆ ಕಾಸರಗೋಡಿನಿಂದಲೋ ಸೊಲ್ಲಾಪುರದಿಂದಲೋ ಬಂದ ಅತ್ತಿಗೆ ಮನೆಯಲ್ಲಿ ಎಷ್ಟೇ ಚೆಂದದ ಕನ್ನಡ ಆಡಿದರೂ ವಿಳಾಸ ಹೊರರಾಜ್ಯದ್ದು. ಅವರಿಗೆ ಪಾಸು ಮಾಡಿಸಿಯೇ ಹೊರಡಿ. ಬಸ್ಸಿನಲ್ಲಿ ಮುಜುಗರವಾಗುವುದು ತಪ್ಪುತ್ತದೆ.

ಏಸಿ ಇರುವ ವಜ್ರ ಬಸ್ಸಿನ ದಿನದ ಪಾಸು 140 ರೂಪಾಯಿ, ಸಾಮಾನ್ಯ ಬಸ್ಸಿಗೂ ನಡೆಯುತ್ತದೆ. ವಿಮಾನ ನಿಲ್ದಾಣದ ವಾಯುವಜ್ರಕ್ಕೆ ನಡೆಯುವುದಿಲ್ಲ. ಬನ್ನೇರುಘಟ್ಟದಂಥ ದೂರದ ಹಾದಿಗೆ, ಅದರಲ್ಲೂ ಏಪ್ರಿಲ್ ಬಿಸಿಲಿನಲ್ಲಿ, ಹಿರಿಯರು ಜೊತೆಗಿದ್ದರೆ ಹಿಂದೆಮುಂದೆ ನೋಡದೆ ಇದನ್ನೇ ತೆಗೆದುಕೊಳ್ಳಿ. ಮಂಗಳವಾರ ಮಾತ್ರ ಹೋಗಬೇಡಿ, ಅಂದು ಉದ್ಯಾನಕ್ಕೆ ರಜೆ.